‘ಅಗ್ಗದ ಕೈಕೆಲಸ’ದ ಲೆಕ್ಕ ಯಾರ ಖಾತೆಗೆ?

ನವರಾತ್ರಿಗೆ ಇನ್ನೂ ಹದಿನೈದು ದಿನ ಇರುವಾಗಲೇ ನಮ್ಮ ಫೋನುಗಳಲ್ಲಿ ಒಂದು ಬಗೆಯ ವಿಡಿಯೊಗಳ ಸುಗ್ಗಿ ಶುರುವಾಗುತ್ತದೆ. ‘ಐದೇ ನಿಮಿಷದಲ್ಲಿ ಬಾಗಿಲ ತೋರಣ’, ‘ಇಪ್ಪತ್ತೇ ರೂಪಾಯಿಯಲ್ಲಿ ಅರಿಶಿನ-ಕುಂಕುಮದ ರಿಟರ್ನ್ ಗಿಫ್ಟ್’, ‘ಹಳೇ ಬಳೆಯಿಂದ ದೀಪದ ಸ್ಟ್ಯಾಂಡ್’, ‘ಬಿಸಾಡುವ ಬಾಟಲಿಯಿಂದ ಹೂದಾನಿ’. ದೀಪಾವಳಿ ಕಳೆದು, ಕ್ರಿಸ್‌ಮಸ್ ಕಳೆದು, ಸಂಕ್ರಾಂತಿಯ ಎಳ್ಳಿನ ಡಬ್ಬಿ ಅಲಂಕರಿಸುವವರೆಗೂ ಇದು ನಿಲ್ಲುವುದಿಲ್ಲ. ಈ ವಿಡಿಯೊಗಳಲ್ಲಿ ಎರಡು ಕೈಗಳು ಮಾತ್ರ ಕಾಣುತ್ತವೆ, ಮುಖ ಇರುವುದಿಲ್ಲ. ಕೈಗಳು ಸರಸರನೆ ಓಡುತ್ತವೆ, ಏಕೆಂದರೆ ಚಿತ್ರದ ವೇಗ ಹೆಚ್ಚಿಸಿರುತ್ತಾರೆ. ಕೊನೆಗೆ ಎರಡು ಪದ ಬರುತ್ತವೆ: ಸುಲಭ, ಅಗ್ಗ. ನೀವೂ ಮಾಡಿ.

ನನ್ನ ತಕರಾರು ಈ ಎರಡು ಪದಗಳ ಮೇಲೆ. ಕೈಯಿಂದ ಮಾಡಿದ ವಸ್ತುಗಳ ಮೇಲೆ ಖಂಡಿತ ಅಲ್ಲ. ಕೈಯಾರೆ ಮಾಡಿ ಕೊಟ್ಟ ಉಡುಗೊರೆಗೆ ಅಂಗಡಿಯ ಉಡುಗೊರೆ ಸಮ ಅಲ್ಲ ಎಂದು ನಂಬುವವರಲ್ಲಿ ನಾನೂ ಒಬ್ಬಳು. ಅದಕ್ಕೇ ಕೇಳುತ್ತಿದ್ದೇನೆ: ಅದನ್ನು ‘ಅಗ್ಗ’ ಎಂದು ಕರೆದವರು ಯಾರು? ಯಾವ ಲೆಕ್ಕದ ಮೇಲೆ?

ನನ್ನ ಗೆಳತಿಯೊಬ್ಬಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬರುವ ಮುತ್ತೈದೆಯರಿಗೆ ತಾಂಬೂಲದ ಚೀಲಗಳನ್ನು ತಾನೇ ಹೊಲಿದಳು. ಹಳೆಯ ರೇಷ್ಮೆ ಸೀರೆಯ ಅಂಚು, ಒಂದಿಷ್ಟು ಲೇಸು, ಎರಡು ಮಣಿ. ಒಟ್ಟು ಇಪ್ಪತ್ತೈದು ಚೀಲ. ಹೊಲಿದದ್ದೆಲ್ಲ ರಾತ್ರಿ ಪಾತ್ರೆ ತೊಳೆದು, ಮಕ್ಕಳ ಹೋಂವರ್ಕ್ ನೋಡಿ, ಮಾರನೆಯ ದಿನದ ತರಕಾರಿ ಹೆಚ್ಚಿಟ್ಟ ಮೇಲೆ. ಹಬ್ಬದ ದಿನ ಬಂದವರೆಲ್ಲ ಹೊಗಳಿದರು. ಅವಳ ಗಂಡ ಅಭಿಮಾನದಿಂದ ಹೇಳಿದರು: “ಒಂದು ಪೈಸೆ ಖರ್ಚಿಲ್ಲದೆ ಮಾಡಿದಳು ನೋಡಿ.”

ಒಂದು ಪೈಸೆ ಖರ್ಚಿಲ್ಲದೆ! ಸರಿ, ಲೆಕ್ಕ ಹಾಕೋಣ. ಕತ್ತರಿಸಿ, ಹೊಲಿದು, ಮಣಿ ಕೂರಿಸಲು ಚೀಲವೊಂದಕ್ಕೆ ಅರ್ಧ ಗಂಟೆ ಎಂದುಕೊಳ್ಳಿ. ಇಪ್ಪತ್ತೈದು ಚೀಲಕ್ಕೆ ಹನ್ನೆರಡೂವರೆ ಗಂಟೆ. ಇದು ಒಂದೂವರೆ ದಿನದ ಕೂಲಿಗಿಂತ ಹೆಚ್ಚು. 2024-25ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 349 ರೂಪಾಯಿ ಇತ್ತು. ಮಣ್ಣು ಅಗೆಯುವ ಕೆಲಸಕ್ಕೆ ಸರ್ಕಾರ ಕೊಡುವ ಆ ದರವನ್ನೇ ಹಿಡಿದರೂ ಗೆಳತಿಯ ದುಡಿಮೆ ಸುಮಾರು 545 ರೂಪಾಯಿ ಆಗುತ್ತದೆ. ಅವಳ ಬ್ಯಾಂಕಿನ ಸಂಬಳದ ದರ ಹಿಡಿದರೆ ಇನ್ನೆಷ್ಟೋ ಪಟ್ಟು. ಈ ಹಣ ಯಾರ ಖಾತೆಯಲ್ಲೂ ಕಾಣುವುದಿಲ್ಲ. ಕಾಣದ್ದಕ್ಕೆ ನಾವು ‘ಅಗ್ಗ’ ಎಂದು ಹೆಸರಿಟ್ಟಿದ್ದೇವೆ.

ಒಂದು ಮನೆಯ ಕಥೆ ಹಿಡಿದು ಊರಿಗೆಲ್ಲ ಆರೋಪ ಹೊರಿಸುತ್ತಿದ್ದೀಯಲ್ಲ ಎನ್ನುವವರು ಸರ್ಕಾರದ ಅಂಕಿಗಳನ್ನೇ ನೋಡಲಿ. 2019ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ. ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈಹಚ್ಚುವ ಗಂಡಸರನ್ನು ಮಾತ್ರ ಎಣಿಸಿದಾಗ. ಕೈಹಚ್ಚದವರು ಆ ಸರಾಸರಿಯಲ್ಲೇ ಇಲ್ಲ. ಐದು ವರ್ಷದ ನಂತರ, 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು 289 ಮತ್ತು 88 ಆಗಿವೆ. ಹೆಂಗಸರ ಹೊರೆ ಹತ್ತು ನಿಮಿಷ ಇಳಿದರೆ ಗಂಡಸರದ್ದೂ ಒಂಬತ್ತು ನಿಮಿಷ ಇಳಿದಿದೆ! ಇಂಥ ದಿನಚರಿಯ ಮೇಲೆ ಹಬ್ಬ ಬಂದು ಕೂರುತ್ತದೆ. ಆ ಹಬ್ಬದ ಮೇಲೆ ‘ಐದೇ ನಿಮಿಷದ’ ತೋರಣ ಬಂದು ಕೂರುತ್ತದೆ.

ಹಿಂದೆಯೂ ಹೆಂಗಸರು ಇದನ್ನೆಲ್ಲ ಮಾಡುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಮಾಡುತ್ತಿದ್ದರು. ಗೌರಿ ಹಬ್ಬಕ್ಕೆ ಹತ್ತಿ ಹಿಂಜಿ ಗೆಜ್ಜೆವಸ್ತ್ರ ಮಾಡುತ್ತಿದ್ದರು. ಸಂಕ್ರಾಂತಿಗೆ ವಾರವಿರುವಾಗಲೇ ಕೊಬ್ಬರಿ, ಬೆಲ್ಲವನ್ನು ಸಣ್ಣಗೆ ಹೆಚ್ಚಿ ಬಿಸಿಲಿಗೆ ಹರಡುತ್ತಿದ್ದರು. ಉತ್ತರ ಕರ್ನಾಟಕದ ಮನೆಗಳ ಕುಸುರೆಳ್ಳನ್ನೇ ನೋಡಿ. ಅಗಲ ಪಾತ್ರೆಯಲ್ಲಿ ಎಳ್ಳು ಹಾಕಿ, ಸಣ್ಣ ಉರಿಯಲ್ಲಿಟ್ಟು, ತೆಳು ಸಕ್ಕರೆ ಪಾಕವನ್ನು ಚಮಚೆ ಚಮಚೆಯಾಗಿ ಬಿಡುತ್ತ ಬೆರಳಿನಿಂದ ಆಡಿಸುತ್ತಲೇ ಇರಬೇಕು. ಉರಿ ಹೆಚ್ಚಾದರೆ ಪಾಕ ಕೆಂಪಾಗುತ್ತದೆ, ಪಾಕ ಹೆಚ್ಚಾದರೆ ಎಳ್ಳು ಮುದ್ದೆಗಟ್ಟುತ್ತದೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹೀಗೆ ಕೂತರೆ ಒಂದೊಂದು ಎಳ್ಳಿನ ಮೈಮೇಲೂ ಬೆಳ್ಳನೆಯ ಮುಳ್ಳು ಏಳುತ್ತದೆ. ಅದನ್ನು ‘ಸುಲಭ’ ಎಂದು ಯಾರೂ ಕರೆಯಲಿಲ್ಲ. “ಇದು ಇಂಥವರ ಕೈಯ ಕುಸುರೆಳ್ಳು” ಎಂದೇ ಗುರುತಿಸುತ್ತಿದ್ದರು. ಕೈಗೆ ಮುಖ ಇತ್ತು.

ಹಾಗೆಂದು ನಾನು ಆ ಕಾಲಕ್ಕೆ ಆರತಿ ಎತ್ತುತ್ತಿಲ್ಲ. ಆಗಲೂ ಆ ದುಡಿಮೆಗೆ ಬೆಲೆ ಕಟ್ಟಿದವರಿಲ್ಲ. ಆದರೆ ಕಷ್ಟವನ್ನು ಕಷ್ಟ ಎನ್ನುವ ಪ್ರಾಮಾಣಿಕತೆಯಾದರೂ ಇತ್ತು. ನಾಲ್ಕು ಮನೆಯವರು ಒಂದು ಜಗಲಿಯಲ್ಲಿ ಕೂತು ಹಂಚಿಕೊಂಡು ಮಾಡುವ ಪದ್ಧತಿಯೂ ಇತ್ತು. ಇಂದಿನ ವಿಡಿಯೊ ಆ ಜಗಲಿಯನ್ನು ಕಿತ್ತುಕೊಂಡಿದೆ, ಕೆಲಸವನ್ನು ಹಾಗೇ ಬಿಟ್ಟಿದೆ. ಈಗ ಒಬ್ಬಳೇ ಮಾಡಬೇಕು, ಅದನ್ನು ಹವ್ಯಾಸ ಎಂದು ಹೇಳಿಕೊಳ್ಳಬೇಕು, ಫೋಟೊ ಹಾಕಬೇಕು.

ಇನ್ನು ‘ಕಸದಿಂದ ರಸ’. ನಮ್ಮ ಶಾಲೆಗಳಲ್ಲಿ ಈ ಹೆಸರಿನ ಸ್ಪರ್ಧೆ ನಡೆಯುವ ಹಿಂದಿನ ಸಂಜೆ ಯಾವುದಾದರೂ ಸ್ಟೇಷನರಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಿ. ಐಸ್‌ಕ್ರೀಮ್ ಮುಖವನ್ನೇ ಕಾಣದ ಐಸ್‌ಕ್ರೀಮ್ ಕಡ್ಡಿಗಳು ಪ್ಯಾಕೆಟ್ಟುಗಟ್ಟಲೆ ಮಾರಾಟವಾಗುತ್ತವೆ. ಕಾಫಿ ಕಾಣದ ಪೇಪರ್ ಕಪ್ಪು, ಥರ್ಮಾಕೋಲ್ ಹಾಳೆ, ಗ್ಲಿಟರ್, ಅಂಟಿನ ಗನ್, ಪ್ಲಾಸ್ಟಿಕ್ ಕುಂದಣ. ಹೊಸ ವಸ್ತು ಕೊಂಡು, ಒಂದು ರಾತ್ರಿ ಕೂತು, ಅದನ್ನು ಮತ್ತೆಂದೂ ಬಳಸಲಾಗದ ಕಸ ಮಾಡುವ ಈ ಕ್ರಮವನ್ನು ‘ರಸದಿಂದ ಕಸ’ ಎನ್ನಬೇಕಲ್ಲವೇ? ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧಿತ ವಸ್ತು. ಹಾಗಿದ್ದೂ ಗಣಪತಿ ಮಂಟಪದ ‘ಸುಲಭ ಅಲಂಕಾರ’ ಹುಡುಕಿದರೆ ಮೊದಲು ಸಿಗುವುದು ಅದೇ. ಪ್ಲಾಸ್ಟಿಕ್ ಗ್ಲಿಟರ್ ಪುಡಿಯ ಮಾರಾಟಕ್ಕೆ ಐರೋಪ್ಯ ಒಕ್ಕೂಟ 2023ರ ಅಕ್ಟೋಬರಿನಲ್ಲಿ ತಡೆ ಹಾಕಿತು. ಕಾರಣ, ಅದು ಒಮ್ಮೆ ಚೆಲ್ಲಿದರೆ ಗುಡಿಸಿ ತೆಗೆಯಲಾಗದ ಸೂಕ್ಷ್ಮ ಪ್ಲಾಸ್ಟಿಕ್. ನಮ್ಮಲ್ಲಿ ಅದು ಹಣತೆಯ ಮೇಲೆ, ತೆಂಗಿನಕಾಯಿಯ ಮೇಲೆ, ಮಕ್ಕಳ ಬೆರಳ ಮೇಲೆ.

ನಿಜವಾಗಿ ಕಸದಿಂದ ರಸ ತೆಗೆದವರು ಕೌದಿ ಹೊಲಿದ ಹೆಂಗಸರು. ಉಟ್ಟು ಹರಿದ ಸೀರೆ, ಧೋತರ, ಕೂಸಿನ ಅಂಗಿ ಎಲ್ಲವನ್ನೂ ಪದರ ಪದರವಾಗಿ ಹರವಿ, ತುಂಡಿಗೆ ತುಂಡು ಸೇರಿಸಿ, ಒತ್ತೊತ್ತಾಗಿ ಓಡುಹೊಲಿಗೆ ಹಾಕಿ ಚಳಿಗೆ ಹೊದಿಕೆ ಮಾಡಿದವರು. ಅದರಲ್ಲಿ ಬಿಸಾಡಲು ಏನೂ ಉಳಿಯುತ್ತಿರಲಿಲ್ಲ. ಕೊನೆಗೆ ಕೌದಿಯೂ ಹರಿದರೆ ಅದು ಇನ್ನೊಂದು ಕೌದಿಯ ಹೊಟ್ಟೆ ಸೇರುತ್ತಿತ್ತು. ಅವರು ಯಾರೂ ಅದನ್ನು ‘ಕ್ರಾಫ್ಟ್’ ಎನ್ನಲಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮನೆಯೊಳಗಿನ ಕೈಗೆ ಸೊನ್ನೆ ಬೆಲೆ ಕಟ್ಟುವ ಅಭ್ಯಾಸ ಮನೆಯೊಳಗೇ ನಿಲ್ಲುವುದಿಲ್ಲ. ಅದು ನಮ್ಮ ಜೊತೆ ಸಂತೆಗೂ ಬರುತ್ತದೆ. ಹೆಂಡತಿಯ ಹನ್ನೆರಡು ಗಂಟೆಗೆ ‘ಒಂದು ಪೈಸೆ ಖರ್ಚಿಲ್ಲ’ ಎಂದವರು, ಮೇಳದಲ್ಲಿ ಬೊಂಬೆ ಮಾರುವವನ ಎದುರು ನಿಂತು “ಇಷ್ಟು ಸಣ್ಣ ಮರದ ತುಂಡಿಗೆ ಇನ್ನೂರೈವತ್ತಾ?” ಎಂದು ಕೇಳದೆ ಇರಲಾರರು. ಎರಡೂ ಕಡೆ ಅವರ ಕಣ್ಣಿಗೆ ಬೀಳುವುದು ಸಾಮಗ್ರಿ ಮಾತ್ರ. ಹೊತ್ತು ಬೀಳುವುದಿಲ್ಲ.

ಆ ‘ಸಣ್ಣ ಮರದ ತುಂಡು’ ಏನೆಂದು ನೋಡೋಣ. ಚನ್ನಪಟ್ಟಣದ ಬೊಂಬೆಗೆ ಬಳಸುವುದು ಹೆಚ್ಚಾಗಿ ಹಾಲೆ ಮರ. ಅದನ್ನು ಮೊದಲು ಚೆನ್ನಾಗಿ ಒಣಗಿಸಬೇಕು, ಇಲ್ಲದಿದ್ದರೆ ಬೊಂಬೆ ಬಿರಿಯುತ್ತದೆ. ಆಮೇಲೆ ಕಡೆಯುವ ಯಂತ್ರಕ್ಕೆ ಕೊಟ್ಟು ಉಳಿ ಹಿಡಿದು ಆಕಾರ ತೆಗೆಯಬೇಕು. ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿದರೆ ಹೊಳಪು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎನ್ನುವುದು ಕೈಗೆ ಬರಲು ವರ್ಷಗಳು ಬೇಕು. ಈ ಬೊಂಬೆಗಳಿಗೆ ಜಿಐ ಮಾನ್ಯತೆ ಇದೆ. ಆದರೆ ಹೆಸರಿಗೆ ಸಿಕ್ಕ ರಕ್ಷಣೆ ಗ್ರಾಹಕನ ಚೌಕಾಸಿಯಿಂದ ಯಾರನ್ನೂ ಕಾಪಾಡುವುದಿಲ್ಲ.

ಧಾರವಾಡದ ಕಡೆಯ ಕಸೂತಿಯದ್ದೂ ಇದೇ ಪಾಡು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗಾವಂತಿ, ಮುರ್ಗಿ ಹೊಲಿಗೆಗಳಾದರೆ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು. ಒಂದು ಎಳೆ ತಪ್ಪಿದರೆ ಇಡೀ ಗೋಪುರ ವಾಲುತ್ತದೆ. ಇಂಥ ಸೀರೆಗೆ ತಿಂಗಳುಗಟ್ಟಲೆ ಕೂತವರ ಎದುರು ಯಂತ್ರದಲ್ಲಿ ಹೊಲಿದ ‘ಕಸೂತಿ ಡಿಸೈನ್’ ಸೀರೆಯನ್ನು ಹಿಡಿದು, “ಅದು ಎರಡು ಸಾವಿರಕ್ಕೆ ಸಿಗುತ್ತದಲ್ಲ” ಎನ್ನುವವರನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅವರು ಕೆಟ್ಟವರೇನಲ್ಲ. ಕೈಕೆಲಸ ಎಂದರೆ ಅಗ್ಗ ಎಂದು ಅವರಿಗೆ ಮನೆಯಲ್ಲೇ ಕಲಿಸಲಾಗಿದೆ, ಅಷ್ಟೇ.

1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಸ್ವಾತಂತ್ರ್ಯಾನಂತರ ದೇಶದ ಕರಕುಶಲ ಕಲೆಗಳಿಗಾಗಿ ದುಡಿದದ್ದು ನಮಗೆಲ್ಲ ಗೊತ್ತು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದವರು ಅವರು. ಕೈಕೆಲಸವನ್ನು ಅವರು ಬಿಡುವಿನ ವೇಳೆಯ ಆಟವಾಗಿ ನೋಡಲಿಲ್ಲ. ಅದು ಜನರ ಅನ್ನ, ಜನರ ಜಾಣ್ಮೆ, ಜನರ ಮರ್ಯಾದೆ ಎಂದು ನೋಡಿದರು. ಅವರು ಹುಟ್ಟಿದ ನಾಡಿನಲ್ಲಿ ಇಂದು ಅದೇ ಮಾತು ‘ಐದು ನಿಮಿಷ, ಇಪ್ಪತ್ತು ರೂಪಾಯಿ’ಗೆ ಬಂದು ನಿಂತಿದೆ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಒಂದು: ಬಡವರು ಏನು ಮಾಡಬೇಕು? ದುಬಾರಿ ಉಡುಗೊರೆ ಕೊಳ್ಳಲಾಗದವರಿಗೆ ಕೈಕೆಲಸವೇ ದಾರಿಯಲ್ಲವೇ? ಹೌದು, ದಾರಿಯೇ. ಆದರೆ ಬಡವರು ಈ ದಾರಿಯನ್ನು ವಿಡಿಯೊ ನೋಡಿ ಕಲಿತವರಲ್ಲ. ಹಣವಿಲ್ಲದ್ದಕ್ಕೆ ಹೊತ್ತು ಕೊಡುತ್ತಾರೆ, ಮತ್ತು ಆ ಹೊತ್ತಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತು. ಒಂದು ದಿನ ಕೂಲಿಗೆ ಹೋಗದಿದ್ದರೆ ಒಲೆಗೆ ಏನಾಗುತ್ತದೆ ಎಂದು ತಿಳಿದವರು ತಮ್ಮ ದಿನವನ್ನು ಅಗ್ಗ ಎನ್ನುವುದಿಲ್ಲ. ಆ ಪದ ಹುಟ್ಟುವುದು ದಿನಗಳನ್ನು ಎಣಿಸಬೇಕಾಗಿಲ್ಲದ ಮನೆಗಳಲ್ಲಿ.

ಎರಡು: ಮಾಡುವುದರಲ್ಲಿ ಖುಷಿ ಇದೆ, ಮನಸ್ಸಿಗೆ ನೆಮ್ಮದಿ ಇದೆ. ಇದನ್ನು ನಾನು ಪೂರಾ ಒಪ್ಪುತ್ತೇನೆ. ಬಿದಿರುಕಡ್ಡಿ ಸೀಳಿ, ಬಣ್ಣದ ಕಾಗದ ಕತ್ತರಿಸಿ, ಮೈದಾ ಅಂಟು ಕಾಯಿಸಿ ಗೂಡುದೀಪ ಕಟ್ಟುವ ಸಂಜೆಯಷ್ಟು ಒಳ್ಳೆಯ ಸಂಜೆ ಕರಾವಳಿಯ ಮಕ್ಕಳಿಗೆ ಇನ್ನೊಂದಿಲ್ಲ. ಆದರೆ ಆ ಖುಷಿ ಬಿಡುವಿನಿಂದ ಹುಟ್ಟುತ್ತದೆ. ಬಿಡುವು ಯಾರಿಗಿದೆ? ರಾತ್ರಿ ಹನ್ನೊಂದಕ್ಕೆ, ಬೆನ್ನು ನೋಯುತ್ತ, ನಾಳೆ ಬರುವ ಇಪ್ಪತ್ತೈದು ಜನರಿಗೆ ಇಪ್ಪತ್ತೈದನೆಯ ಚೀಲ ಹೊಲಿಯುವುದು ಹವ್ಯಾಸ ಅಲ್ಲ, ಓವರ್‌ಟೈಮ್. ವ್ಯತ್ಯಾಸ ಇಷ್ಟೇ, ಓವರ್‌ಟೈಮಿಗೆ ದುಡ್ಡು ಕೊಡುತ್ತಾರೆ.

ಹಾಗಾದರೆ ಏನು ಮಾಡಬೇಕು? ಕೈಕೆಲಸ ಬಿಡಬೇಕೆಂದು ನಾನು ಹೇಳಲಾರೆ. ಇಪ್ಪತ್ತೈದು ಜನರಿಗೆ ಕೊಡುವುದನ್ನು ಬಿಡಿ. ಮನೆಯಿಂದ ಮನೆಗೆ ಸುತ್ತುವ ರವಿಕೆ ಕಣದಂತೆ, ಯಾರಿಗೂ ಬೇಡದ ಅಲಂಕಾರದ ಡಬ್ಬಿಗಳೂ ಈಗ ಊರು ಸುತ್ತುತ್ತಿವೆ. ಅದರ ಬದಲು ವರ್ಷಕ್ಕೊಂದು ವಸ್ತುವನ್ನು, ಒಬ್ಬರಿಗಾಗಿ, ಸಾವಕಾಶವಾಗಿ ಮಾಡಿ. ಒಂದು ಕೌಶಲವನ್ನಾದರೂ ಸರಿಯಾಗಿ ಕಲಿಯಿರಿ. ಒಂದು ಗೇಣು ಕಸೂತಿ ಹಾಕಿ ನೋಡಿದವರು ಮತ್ತೆ ಜನ್ಮದಲ್ಲಿ ಕಸೂತಿಯವರ ಹತ್ತಿರ ಚೌಕಾಸಿ ಮಾಡಲಾರರು. ಗೂಡುದೀಪಕ್ಕೋ ತೋರಣಕ್ಕೋ ಕೂರುವಾಗ ಮನೆಯ ಗಂಡಸರನ್ನೂ ಕೂರಿಸಿ. ಅವರು ಕೂರಲು ಒಪ್ಪದಿದ್ದರೆ ಆ ವರ್ಷ ಮಾವಿನೆಲೆಯ ತೋರಣ ಸಾಕು. ಅದಕ್ಕಿಂತ ಚೆಂದದ್ದು ಯಾವ ವಿಡಿಯೊದಲ್ಲೂ ಇಲ್ಲ. ಮಾರಾಟಕ್ಕೆ ಬಂದ ಕೈಕೆಲಸ ಕೊಳ್ಳುವಾಗ, ಕೈಗೆಟುಕಿದರೆ ಕೇಳಿದ ಬೆಲೆ ಕೊಡಿ. ಎಟುಕದಿದ್ದರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ವಿದ್ಯಾರ್ಥಿಗಳಿಗೆ ಇನ್ನೂ ಒಂದು ಮಾತು. ಪದಗಳ ವಿಚಾರದಲ್ಲಿ ನಮಗಿಂತ ಚುರುಕಾಗಿರುವವರು ನೀವು. ಈ ಹಬ್ಬಕ್ಕೆ ನಿಮ್ಮ ಮನೆಯಲ್ಲಿ ಯಾರಾದರೂ ಕೈಯಾರೆ ಮಾಡಿದ್ದನ್ನು ತೋರಿಸಿದಾಗ “ಎಷ್ಟು ಖರ್ಚಾಯಿತು?” ಎಂದು ಕೇಳಬೇಡಿ. “ಎಷ್ಟು ಹೊತ್ತಾಯಿತು?” ಎಂದು ಕೇಳಿ. ಉತ್ತರ ಕೇಳಿಸಿಕೊಂಡ ಮೇಲೂ ಅದನ್ನು ಅಗ್ಗ ಎನ್ನಲು ನಿಮಗೆ ಬಾಯಿ ಬರುತ್ತದೆಯೇ ನೋಡಿ.