ಮ್ಯಾರಥಾನ್‌ಗೆ ಇನ್ನೊಂದೇ ವಾರ: ಈಗ ಹೆಚ್ಚು ಓಡಬೇಕೇ, ಕಡಿಮೆ ಓಡಬೇಕೇ?

ಮುಂಬೈ ಮ್ಯಾರಥಾನ್ ನಡೆಯುವುದು ಜನವರಿಯ ಮೂರನೇ ಭಾನುವಾರ. ಕರ್ನಾಟಕದಿಂದಲೂ ಅನೇಕರು ಅಲ್ಲಿಗೆ ಹೋಗಿ ಓಡುತ್ತಾರೆ. ಸಂಕ್ರಾಂತಿಯ ಆಸುಪಾಸಿನ ಆ ವಾರದಲ್ಲಿ ಓಟಗಾರರ ವಾಟ್ಸಾಪ್ ಗುಂಪುಗಳಿಗೆ ಎಳ್ಳು-ಬೆಲ್ಲದ ಶುಭಾಶಯಗಳ ಜೊತೆ ಸಲಹೆಗಳೂ ಬಂದು ಬೀಳುತ್ತವೆ. ‘ಕೊನೆಯ ವಾರ ಒಂದು ಉದ್ದದ ಓಟ ಓಡಿ, ಧೈರ್ಯ ಬರುತ್ತದೆ’, ‘ಮೂರು ದಿನ ಮೊದಲಿನಿಂದ ಲೀಟರ್‌ಗಟ್ಟಲೆ ನೀರು ಕುಡಿಯಿರಿ’, ‘ಹಿಂದಿನ ರಾತ್ರಿ ಹೊಟ್ಟೆ ತುಂಬಾ ಅನ್ನ ತಿನ್ನಿ’, ‘ಓಟಕ್ಕೆ ಮುನ್ನ ಒಂದು ನೋವಿನ ಮಾತ್ರೆ ನುಂಗಿಬಿಡಿ’.

ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಈ ಸಲಹೆಗಳಲ್ಲಿ ಕೆಲವು ತಿಂಗಳುಗಟ್ಟಲೆ ಮಾಡಿದ ತಯಾರಿಯನ್ನು ಹಾಳು ಮಾಡಬಲ್ಲವು, ಇನ್ನು ಕೆಲವು ಆಸ್ಪತ್ರೆಗೆ ಸೇರಿಸಬಲ್ಲವು. ಹಾಗಾಗಿ ಕೊನೆಯ ವಾರದಲ್ಲಿ ದೇಹದೊಳಗೆ ಏನು ನಡೆಯುತ್ತದೆ ಎಂಬುದನ್ನು ನಾವಿಲ್ಲಿ ಒಂದೊಂದಾಗಿ ನೋಡೋಣ.

‘ಕೊನೆಯ ವಾರ ಉದ್ದದ ಓಟ ಓಡಿದರೆ ಶಕ್ತಿ ಹೆಚ್ಚುತ್ತದೆ’

ಇದು ಸರಿಯಲ್ಲ. ಓಡುವಾಗ ದೇಹ ಬಲಗೊಳ್ಳುವುದಿಲ್ಲ, ದಣಿಯುತ್ತದೆ. ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ, ಕೂಡಿಟ್ಟ ಶಕ್ತಿ ಖರ್ಚಾಗುತ್ತದೆ. ಬಲ ಬರುವುದು ಆಮೇಲೆ, ವಿಶ್ರಾಂತಿಯಲ್ಲಿ ದೇಹ ಅದನ್ನೆಲ್ಲ ಸರಿಪಡಿಸಿಕೊಳ್ಳುವಾಗ. ಸ್ನಾಯುಗಳಲ್ಲಿ ಹೊಸ ಸೂಕ್ಷ್ಮ ರಕ್ತನಾಳಗಳು ಬೆಳೆಯುವಂಥ ಬದಲಾವಣೆಗಳಿಗೆ ವಾರಗಳೇ ಬೇಕು. ಅಂದರೆ ಈ ಸೋಮವಾರ ಓಡಿದ 30 ಕಿ.ಮೀ.ಯ ಲಾಭ ಬರುವ ಭಾನುವಾರದ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಅದರ ದಣಿವು ಮಾತ್ರ ಕಾಲಿನಲ್ಲಿ ಉಳಿದಿರುತ್ತದೆ.

ಅದಕ್ಕೇ ಅನುಭವಿ ಓಟಗಾರರು ಕೊನೆಯ ಎರಡು-ಮೂರು ವಾರ ಓಟವನ್ನು ಹಂತ ಹಂತವಾಗಿ ಕಡಿಮೆ ಮಾಡುತ್ತಾರೆ. ಇದಕ್ಕೆ ‘ಟೇಪರಿಂಗ್’ ಎನ್ನುತ್ತಾರೆ. ಹೊಸ ಶಕ್ತಿ ಗಳಿಸುವುದು ಇದರ ಗುರಿಯಲ್ಲ. ಈಗಾಗಲೇ ಗಳಿಸಿದ್ದರ ಮೇಲೆ ಕೂತಿರುವ ದಣಿವನ್ನು ಇಳಿಸುವುದು ಇದರ ಗುರಿ.

‘ಹಾಗಾದರೆ ಪೂರ್ತಿ ಮಲಗಿಬಿಡೋಣ’

ಇದೂ ಸರಿಯಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಚೆನ್ನಾಗಿ ಪಳಗಿದ ಮಧ್ಯಮ ದೂರದ ಓಟಗಾರರು ಒಂದು ವಾರದ ಟೇಪರಿಂಗ್ ಅನ್ನು ಮೂರು ರೀತಿ ಮಾಡಿ ನೋಡಿದರು: ಪೂರ್ತಿ ವಿಶ್ರಾಂತಿ, ನಿಧಾನದ ಓಟ, ಸ್ವಲ್ಪವೇ ಆದರೂ ವೇಗದ ಓಟ. ಆಮೇಲೆ ಸುಸ್ತಾಗುವವರೆಗೆ ಓಡಿಸಿದಾಗ, ಸ್ವಲ್ಪವೇ ಆದರೂ ವೇಗವಾಗಿ ಓಡಿದ್ದ ವಾರದ ನಂತರ ಅವರು ಮೊದಲಿಗಿಂತ ಶೇ 22ರಷ್ಟು ಹೆಚ್ಚು ಹೊತ್ತು ಓಡಿದರು. ನಿಧಾನದ ಓಟದ ನಂತರ ಏರಿಕೆ ಶೇ 6ರಷ್ಟಿತ್ತು. ಪೂರ್ತಿ ವಿಶ್ರಾಂತಿಯ ನಂತರ ಯಾವ ಲಾಭವೂ ಕಾಣಲಿಲ್ಲ. ಇದು ಸಣ್ಣ ಪ್ರಯೋಗ, ಮ್ಯಾರಥಾನ್ ಓಟಗಾರರ ಮೇಲೆ ಮಾಡಿದ್ದೂ ಅಲ್ಲ. ಆದರೆ ಈಜು, ಸೈಕಲ್, ಓಟ ಮುಂತಾದ ಕ್ರೀಡೆಗಳ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ಸುಮಾರು ಎರಡು ವಾರ ತರಬೇತಿಯ ಪ್ರಮಾಣವನ್ನು ಶೇ 41ರಿಂದ 60ರಷ್ಟು ಇಳಿಸಿ, ಆದರೆ ವೇಗವನ್ನೂ ವಾರಕ್ಕೆ ಎಷ್ಟು ಸಲ ಎಂಬುದನ್ನೂ ಬದಲಿಸಬೇಡಿ.

ವಾರಕ್ಕೆ ಸುಮಾರು 50 ಕಿ.ಮೀ. ಓಡುತ್ತಿದ್ದವರ ಕೊನೆಯ ವಾರ ಹೀಗಿರಬಹುದು:

ಸೋಮವಾರ: ವಿಶ್ರಾಂತಿ
ಮಂಗಳವಾರ: 6 ಕಿ.ಮೀ., ಅದರಲ್ಲಿ ನಡುವಿನ 2 ಕಿ.ಮೀ. ಮ್ಯಾರಥಾನ್ ದಿನ ಓಡಬೇಕೆಂದಿರುವ ವೇಗದಲ್ಲಿ
ಬುಧವಾರ: ವಿಶ್ರಾಂತಿ ಅಥವಾ ನಡಿಗೆ
ಗುರುವಾರ: 5 ಕಿ.ಮೀ., ನಡುವೆ 20 ಸೆಕೆಂಡಿನ ನಾಲ್ಕೈದು ಚುರುಕು ಓಟ
ಶುಕ್ರವಾರ: ವಿಶ್ರಾಂತಿ
ಶನಿವಾರ: 2-3 ಕಿ.ಮೀ. ಹಗುರ ಓಟ, ಪ್ರಯಾಣವಿದ್ದರೆ ಅದೂ ಬೇಡ
ಭಾನುವಾರ: 42.195 ಕಿ.ಮೀ.

ಇದು ಒಂದು ಮಾದರಿ ಅಷ್ಟೇ. ನಿಮಗೆ ಕೋಚ್ ಇದ್ದರೆ ಅವರ ಮಾತು ಕೇಳಿ.

‘ಓಟ ಕಡಿಮೆ ಮಾಡಿದ ಮೇಲೆ ಕಾಲು ಭಾರ, ತೂಕವೂ ಏರಿದೆ. ತಯಾರಿ ಹೋಯಿತು!’

ಈ ಭಯ ಬಹಳ ಜನರಿಗೆ ಬರುತ್ತದೆ. ಎಂದೂ ಇಲ್ಲದ ಮಂಡಿ ನೋವು ಕಾಣಿಸಿಕೊಂಡಂತಾಗುತ್ತದೆ, ಸಣ್ಣದಕ್ಕೆಲ್ಲ ಸಿಡಿಮಿಡಿ ಎನಿಸುತ್ತದೆ. ಆದರೆ ಒಂದು ವಾರದ ಇಳಿಕೆಯಿಂದ ತಯಾರಿ ಕರಗುವುದಿಲ್ಲ. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಳಗಿದ ಕ್ರೀಡಾಪಟುಗಳು ತರಬೇತಿಯನ್ನು ಸಂಪೂರ್ಣ ನಿಲ್ಲಿಸಿ ಮೂರು ವಾರವಾದಾಗ, ಅವರ ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಇಳಿದದ್ದು ಶೇ 7ರಷ್ಟು. ನೀವು ಓಟ ನಿಲ್ಲಿಸಿಲ್ಲ, ಒಂದಿಷ್ಟು ದಿನ ಕಡಿಮೆ ಮಾಡಿದ್ದೀರಿ ಅಷ್ಟೇ.

ತೂಕ ಏರುವುದಕ್ಕೂ ಕಾರಣವಿದೆ. ನಾವು ತಿಂದ ಅನ್ನ, ಹಣ್ಣಿನ ಪಿಷ್ಟ-ಸಕ್ಕರೆಯ ಒಂದು ಭಾಗ ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಜಮೆಯಾಗುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಒಂದೆರಡು ಕಿಲೋ ಹೆಚ್ಚಿದ್ದರೆ ಅದು ಕೊಬ್ಬಲ್ಲ, ಓಟಕ್ಕೆ ಬೇಕಾದ ಬುತ್ತಿ.

‘ಹಿಂದಿನ ರಾತ್ರಿ ಹೊಟ್ಟೆ ಬಿರಿಯುವಷ್ಟು ತಿನ್ನಬೇಕು’

ಅರ್ಧ ಸತ್ಯ. ದೀರ್ಘ ಓಟಕ್ಕೆ ಪಿಷ್ಟದ ಆಹಾರ ಹೆಚ್ಚಿಸಬೇಕು ಎಂಬುದು ನಿಜ. ಸ್ನಾಯುವಿನ ಗ್ಲೈಕೋಜನ್ ಅಳೆದು ಇದನ್ನು ತೋರಿಸಿಕೊಟ್ಟವರು 1960ರ ದಶಕದ ಸ್ವೀಡನ್ ಸಂಶೋಧಕರು. ಆಗ ಮೊದಲು ಕೆಲವು ದಿನ ಅನ್ನ-ಬ್ರೆಡ್ ಬಿಟ್ಟು ದೇಹವನ್ನು ‘ಖಾಲಿ’ ಮಾಡಿ, ಆಮೇಲೆ ತುಂಬಿಸುವ ಪದ್ಧತಿ ಬಂತು. ಹಾಗೆ ಖಾಲಿ ಮಾಡುವ ಅಗತ್ಯವಿಲ್ಲ ಎಂದು ನಂತರದ ಪ್ರಯೋಗಗಳು ತೋರಿಸಿವೆ. ಹಳೆಯ ಪದ್ಧತಿಯನ್ನೇ ಹೇಳುವ ಸಂದೇಶ ಬಂದರೆ ಬಿಟ್ಟುಬಿಡಿ.

ಈಗಿನ ಸಲಹೆ: ಓಟಕ್ಕೆ ಮುಂಚಿನ ಒಂದೂವರೆಯಿಂದ ಎರಡು ದಿನ, ತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 12 ಗ್ರಾಂ ಕಾರ್ಬೋಹೈಡ್ರೇಟ್. 60 ಕಿಲೋ ತೂಕದವರಿಗೆ ಇದು ಕನಿಷ್ಠ 600 ಗ್ರಾಂ. ಇಷ್ಟನ್ನೂ ಅನ್ನದಿಂದಲೇ ಪಡೆಯಬೇಕೆಂದರೆ ದಿನಕ್ಕೆ ಎರಡು ಕಿಲೋಗಿಂತ ಹೆಚ್ಚು ಬೇಯಿಸಿದ ಅನ್ನ ಬೇಕು! ಒಂದೇ ರಾತ್ರಿ ಇದನ್ನು ತುಂಬಿಸಲು ಹೋದರೆ ಬೆಳಿಗ್ಗೆ ಹೊಟ್ಟೆ ಕೆಡುವುದು ಖಚಿತ. ಶುಕ್ರವಾರ ಮತ್ತು ಶನಿವಾರದ ಊಟ-ತಿಂಡಿಗಳಲ್ಲಿ ಹಂಚಿಕೊಳ್ಳಿ: ಇಡ್ಲಿ, ಅವಲಕ್ಕಿ, ಅನ್ನ, ಬಾಳೆಹಣ್ಣು, ಬೆಲ್ಲದ ಪಾನಕ. ಈ ಲೆಕ್ಕ ಪೂರ್ತಿ ಮುಟ್ಟದಿದ್ದರೂ ಗಾಬರಿ ಬೇಡ.

ಸಂಕ್ರಾಂತಿಯ ಎಳ್ಳು, ಕಡಲೆಕಾಯಿ, ಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು. ಹಬ್ಬಕ್ಕೆ ತಿನ್ನಿ, ಆದರೆ ಅದನ್ನೇ ಓಟದ ಬುತ್ತಿ ಎಂದುಕೊಳ್ಳಬೇಡಿ. ಸೊಪ್ಪು, ಕಾಳು, ರಾಗಿ ಮುದ್ದೆ ಒಳ್ಳೆಯ ಆಹಾರವೇ. ಆದರೆ ಅವುಗಳಲ್ಲಿ ನಾರಿನಂಶ ಹೆಚ್ಚಿರುವುದರಿಂದ ಹಿಂದಿನ ದಿನ ಕಡಿಮೆ ಮಾಡಿದರೆ ದಾರಿಯಲ್ಲಿ ಶೌಚಾಲಯ ಹುಡುಕುವ ಕಷ್ಟ ತಪ್ಪುತ್ತದೆ. ಮಧುಮೇಹ ಇರುವವರು ವೈದ್ಯರನ್ನು ಕೇಳದೆ ಈ ಪ್ರಯೋಗ ಮಾಡಬಾರದು.

‘ಎಷ್ಟು ನೀರು ಕುಡಿದರೂ ಒಳ್ಳೆಯದೇ’

ಇದು ಅತ್ಯಂತ ಅಪಾಯಕಾರಿ ಸಲಹೆ. ದೇಹದಿಂದ ಹೊರಹೋಗುವುದಕ್ಕಿಂತ ಹೆಚ್ಚು ನೀರು ಒಳಗೆ ಸೇರಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತದೆ. ಆಗ ಜೀವಕೋಶಗಳು ಊದಿಕೊಳ್ಳುತ್ತವೆ. ಮಿದುಳು ಊದಿಕೊಂಡರೆ ತಲೆನೋವು, ವಾಂತಿ, ಗೊಂದಲ, ಫಿಟ್ಸ್, ಕೊನೆಗೆ ಸಾವೂ ಸಂಭವಿಸಬಹುದು.

ಅಮೆರಿಕದ ಬಾಸ್ಟನ್‌ನಲ್ಲಿ 2002ರ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತವನ್ನು ಸಂಶೋಧಕರು ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಶೇ 13ರಷ್ಟು ಜನರಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಮೂವರಲ್ಲಿ ಅದು ಪ್ರಾಣಾಪಾಯದ ಮಟ್ಟಕ್ಕೆ ಇಳಿದಿತ್ತು. ಅದೇ ಓಟದಲ್ಲಿ 28 ವರ್ಷದ ಓಟಗಾರ್ತಿಯೊಬ್ಬರು ಇದೇ ಕಾರಣಕ್ಕೆ ಮೃತಪಟ್ಟರು. ಓಟದ ವೇಳೆ ತೂಕ ಇಳಿಯುವ ಬದಲು ಏರಿದವರಲ್ಲಿ ಮತ್ತು ಮುಗಿಸಲು ನಾಲ್ಕು ಗಂಟೆಗಿಂತ ಹೆಚ್ಚು ತೆಗೆದುಕೊಂಡವರಲ್ಲಿ ಈ ತೊಂದರೆ ಹೆಚ್ಚಾಗಿ ಕಂಡಿತ್ತು. ಅಂದರೆ ಮೊದಲ ಸಲ ನಿಧಾನವಾಗಿ ಓಡುವವರೇ ಹೆಚ್ಚು ಎಚ್ಚರದಿಂದಿರಬೇಕು, ಏಕೆಂದರೆ ನೀರಿನ ಪ್ರತಿ ಕೇಂದ್ರದಲ್ಲೂ ನಿಂತು ಕುಡಿಯಲು ಅವರಿಗೆ ಸಮಯವಿರುತ್ತದೆ.

ಎನರ್ಜಿ ಪಾನೀಯ ಅಥವಾ ಒಆರ್‌ಎಸ್ ಆದರೆ ಎಷ್ಟಾದರೂ ಕುಡಿಯಬಹುದು ಎಂಬುದೂ ತಪ್ಪು. ಅವುಗಳಲ್ಲಿ ಸೋಡಿಯಂ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಕಡಿಮೆ. ಹಾಗೆಂದು ನೀರೇ ಬಿಡಬಾರದು. ಮುಂಬೈನಂಥ ಕಡಲತೀರದ ಸೆಕೆಯಲ್ಲಿ ಬೆವರು ಹೆಚ್ಚು, ನೀರು ಸಾಲದಿದ್ದರೂ ಅಪಾಯವೇ. ವಾರವಿಡೀ ಎಂದಿನಂತೆ, ಓಟದ ದಿನ ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ. ಮೂತ್ರ ತಿಳಿ ಹಳದಿಯಿದ್ದರೆ ಸಾಕು, ನೀರಿನ ಬಣ್ಣಕ್ಕೆ ಬರಬೇಕಾಗಿಲ್ಲ.

‘ಒಂದು ನೋವಿನ ಮಾತ್ರೆ ನುಂಗಿ ಓಡಿ, ಜ್ವರವಿದ್ದರೂ ಪರವಾಗಿಲ್ಲ’

ಖಂಡಿತ ಬೇಡ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡಬಲ್ಲವು. ಗಂಟೆಗಟ್ಟಲೆ ಬೆವರುತ್ತಾ ಓಡುವಾಗ ಮೂತ್ರಪಿಂಡ ಮೊದಲೇ ಒತ್ತಡದಲ್ಲಿರುತ್ತದೆ. ಜೊತೆಗೆ, ನಿಲ್ಲಿ ಎಂದು ಹೇಳಬೇಕಾದ ನೋವೇ ಗೊತ್ತಾಗದಂತಾಗುತ್ತದೆ.

ಜ್ವರ, ಮೈಕೈ ನೋವು, ಎದೆಯಲ್ಲಿ ಬಿಗಿತ ಇದ್ದರೆ ಓಟದ ಗೆರೆಯ ಬಳಿಗೇ ಹೋಗಬೇಡಿ. ಕೆಲವು ವೈರಸ್ ಸೋಂಕುಗಳಲ್ಲಿ ಹೃದಯದ ಸ್ನಾಯುವೂ ಊದಿಕೊಳ್ಳುತ್ತದೆ. ಆಗ ಕಠಿಣವಾಗಿ ದಣಿದರೆ ಹೃದಯ ಬಡಿತ ಏರುಪೇರಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಶುಲ್ಕ ಕಟ್ಟಿದ್ದೇವೆ, ರೈಲಿನ ಟಿಕೆಟ್ ಆಗಿದೆ, ಎಲ್ಲರಿಗೂ ಹೇಳಿಬಿಟ್ಟಿದ್ದೇವೆ ಎಂಬ ಕಾರಣಕ್ಕೆ ಓಡುವುದು ಬೇಡ. ಬಿಟ್ಟ ಓಟವನ್ನು ಮುಂದಿನ ವರ್ಷ ಓಡಬಹುದು.

‘ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೆ ಓಟ ಕೆಟ್ಟಂತೆ’

ಹಾಗೇನಿಲ್ಲ. ನಸುಕಿನಲ್ಲೇ ಓಟ ಶುರು, ಹೊಸ ಊರು, ತಳಮಳ ಬೇರೆ. ಶನಿವಾರ ರಾತ್ರಿ ನಿದ್ದೆ ಕಡಿಮೆಯಾಗುವುದು ಸಹಜ. ಒಂದು ರಾತ್ರಿಯ ಕೊರತೆಯನ್ನು ದೇಹ ತಾಳಿಕೊಳ್ಳುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಬೇಗ ಮಲಗಿ.

ಒಟ್ಟಿನಲ್ಲಿ

ಕೊನೆಯ ವಾರದಲ್ಲಿ ಹೊಸದಾಗಿ ಏನನ್ನೂ ಸೇರಿಸಬೇಡಿ: ಹೊಸ ಶೂ, ಹೊಸ ಜೆಲ್, ಹೊಸ ಮಾತ್ರೆ, ಹೊಸ ವ್ಯಾಯಾಮ ಯಾವುದೂ ಬೇಡ. ಓಟ ಅರ್ಧಕ್ಕಿಂತ ಕಡಿಮೆ, ವೇಗ ಸ್ವಲ್ಪ ಇರಲಿ, ಊಟ ಹಂಚಿಕೊಂಡು, ನೀರು ಬಾಯಾರಿಕೆಗೆ ತಕ್ಕಷ್ಟು. ನಿಮ್ಮ ಗುಂಪಿನಲ್ಲಿ ‘ಹೆಚ್ಚು ನೀರು ಕುಡಿಯಿರಿ’, ‘ಮಾತ್ರೆ ನುಂಗಿ ಓಡಿ’ ಎಂಬ ಸಂದೇಶ ಕಂಡರೆ ಮುಂದಕ್ಕೆ ಕಳಿಸಬೇಡಿ. ಮೊದಲ ಸಲ ಓಡುವವರು ಆ ಗುಂಪಿನಲ್ಲಿದ್ದರೆ, ಅದೇಕೆ ತಪ್ಪು ಎಂಬುದನ್ನು ಅವರಿಗೆ ತಿಳಿಸಿ.