ಹೊಲವನ್ನು ಕೇಳಿ ಒಲೆ ಹಚ್ಚಿದವರು

ಇಂದು ಏನು ಅಡುಗೆ ಮಾಡಬೇಕೆಂಬುದನ್ನು ನಿರ್ಧರಿಸುವವರು ಯಾರು? ಪೇಟೆಯ ಅಭಿರುಚಿಯೋ, ಊರಿನ ನೆಲವೋ? ಐರ್ಲೆಂಡಿನ ಕಾರ್ಕ್ ಕೌಂಟಿಯ ಶಾನಗ್ಯಾರಿ ಎಂಬ ಹಳ್ಳಿಯಲ್ಲಿ ರೈತಕುಟುಂಬದ ಗೃಹಿಣಿಯೊಬ್ಬರು ಈ ಪ್ರಶ್ನೆಗೆ ತಮ್ಮ ಅಡುಗೆಮನೆಯಲ್ಲೇ ಉತ್ತರ ಕಂಡುಕೊಂಡರು. ಅವರೇ ಮರ್ಟಲ್ ಆಲನ್ (1924–2018).

1964ರಲ್ಲಿ ಅವರು ತಮ್ಮ ವಾಸದ ಮನೆಯಾದ ಬ್ಯಾಲಿಮಲೂವಿನ ಊಟದ ಕೋಣೆಯನ್ನೇ ಭೋಜನಶಾಲೆಯಾಗಿ ತೆರೆದರು. ದೊಡ್ಡ ಹೋಟೆಲುಗಳಲ್ಲಿ ದುಡಿದ ಅನುಭವ ಅವರಿಗಿರಲಿಲ್ಲ. ಪತಿ ಐವನ್ ಬೆಳೆದ ತರಕಾರಿ, ನೆರೆಯ ರೈತರ ಉತ್ಪನ್ನ, ಸಮೀಪದ ಬ್ಯಾಲಿಕಾಟನ್ ಬಂದರಿನ ಮೀನು, ಇವುಗಳಲ್ಲಿ ಆ ದಿನ ಯಾವುದು ಬಂದಿತೆಂದು ನೋಡಿದ ಮೇಲೆಯೇ ಊಟದ ಪಟ್ಟಿ ಸಿದ್ಧವಾಗುತ್ತಿತ್ತು.

ಇದು ಸಣ್ಣ ಸಾಹಸವಲ್ಲ. ಆಗ ಐರ್ಲೆಂಡಿನಲ್ಲಿ ಉತ್ತಮ ಭೋಜನವೆಂದರೆ ಫ್ರೆಂಚ್ ಹೆಸರಿನ ಖಾದ್ಯಗಳು. ನಾಡಿನ ಊಟವೆಂದರೆ ಬಡತನದ ನೆನಪು. ಆ ನೆನಪಿಗೆ ಕಾರಣವೂ ಇತ್ತು. 1845ರಲ್ಲಿ ಅಂಗಮಾರಿ ರೋಗ ತಗುಲಿ ಆಲೂಗಡ್ಡೆ ಬೆಳೆ ಕೊಳೆತುಹೋಯಿತು. ಅದೊಂದನ್ನೇ ನಂಬಿ ಬದುಕಿದ್ದ ಬಡ ಗೇಣಿದಾರರು ಹಸಿವಿಗೂ ರೋಗಕ್ಕೂ ತುತ್ತಾದರು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಆಗಲೂ ಆ ದೇಶದಿಂದ ಧಾನ್ಯ ಮತ್ತು ಜಾನುವಾರು ಹೊರಗೆ ಸಾಗುತ್ತಲೇ ಇದ್ದವು.

ಇಂತಹ ನಾಡಿನಲ್ಲಿ ಆಲನ್ ಕಡಲ ಪಾಚಿಯಾದ ಕ್ಯಾರಗೀನನ್ನು ಹಾಲಿನಲ್ಲಿ ಬೇಯಿಸಿ ಮಾಡುವ ಹಳೆಯ ಸಿಹಿಯನ್ನು ಅತಿಥಿಗಳಿಗೆ ಹೆಮ್ಮೆಯಿಂದ ಬಡಿಸಿದರು. 1975ರಲ್ಲಿ ಮಿಶೆಲಿನ್ ತಾರೆಯ ಮನ್ನಣೆ ಬಂದಿತು. 1977ರಲ್ಲಿ ಅವರ ಪಾಕಪುಸ್ತಕ ಪ್ರಕಟವಾಯಿತು. 1983ರಲ್ಲಿ ಸೊಸೆ ಡರೀನಾ ಅದೇ ಊರಿನಲ್ಲಿ ಅಡುಗೆ ಶಾಲೆಯನ್ನು ಆರಂಭಿಸಿದರು. 1986ರಲ್ಲಿ ಯುರೋಪಿನ ಬಾಣಸಿಗರು ಸಾಂಪ್ರದಾಯಿಕ ಆಹಾರದ ರಕ್ಷಣೆಗಾಗಿ ಕಟ್ಟಿದ ಯೂರೋ-ಟೋಕ್ಸ್ ಸಂಘಟನೆಯ ಸ್ಥಾಪಕರಲ್ಲಿ ಆಲನ್ ಕೂಡ ಒಬ್ಬರು.

ಆದರೆ ಒಂದು ಮಾತನ್ನು ಮರೆಯುವಂತಿಲ್ಲ. ಇಂತಹ ಭೋಜನಶಾಲೆಯ ಊಟ ಎಲ್ಲರ ಕೈಗೆ ಎಟಕುವುದಿಲ್ಲ. ಊರಿನ ಆಹಾರ ಉಳ್ಳವರ ವಿಲಾಸವಾಗಿ ಮಾತ್ರ ಉಳಿದರೆ ಅದು ಅರ್ಧ ಗೆಲುವು. ಆಲನ್ ಅವರ ನಿಜವಾದ ಕೊಡುಗೆ ತಾರೆಯಲ್ಲಿಲ್ಲ. ಬೆಳೆದವನ ಮನೆಬಾಗಿಲಲ್ಲೇ ಅವನ ಬೆಳೆಗೆ ಗೌರವವನ್ನೂ ಗಿರಾಕಿಯನ್ನೂ ದೊರಕಿಸಿದ್ದರಲ್ಲಿದೆ. ಉಳಿದರ್ಧವನ್ನು ಪ್ರತಿ ಮನೆಯ ಒಲೆಯೇ ಪೂರೈಸಬೇಕು. ಮನೆಯವರೇ ಉಣ್ಣದ ಊರಿನ ಅಡುಗೆ ಅತಿಥಿಗಳ ಹೊಗಳಿಕೆಯಿಂದ ಬಹುಕಾಲ ಬಾಳಲಾರದು.