ನೆಲದಡಿಯ ಗಣಿಗೂ ನೆಲದ ಮೇಲೊಂದು ಊರಿರುತ್ತದೆ

ಸಿಕಂದರಾಬಾದಿನಿಂದ ಕಾಜಿಪೇಟೆ ದಾಟಿ ಉತ್ತರಕ್ಕೆ ರೈಲಿನಲ್ಲಿ ಹೋದವರಿಗೆ ರಾಮಗುಂಡಂ, ಮಂಚಿರ್ಯಾಲ, ಬೆಲ್ಲಂಪಲ್ಲಿ ಸ್ಟೇಷನ್ನುಗಳ ಪರಿಚಯ ಇದ್ದೇ ಇರುತ್ತದೆ. ಇದು ಸಿಂಗರೇಣಿ ಕಲ್ಲಿದ್ದಲಿನ ಸೀಮೆ. ನಮಗೂ ಈ ಸೀಮೆಗೂ ಏನು ಸಂಬಂಧ ಎನ್ನಬೇಡಿ. ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ಶುರುವಾದ ಶಾಖೋತ್ಪನ್ನ ಸ್ಥಾವರಕ್ಕೆ ಇಲ್ಲಿಂದಲೂ ಕಲ್ಲಿದ್ದಲು ಹೋಗುತ್ತದೆ. ಅಷ್ಟೇ ಅಲ್ಲ, 1956ರವರೆಗೆ ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳೂ ಸಿಂಗರೇಣಿಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಇಲ್ಲಿ ಗಣಿ ಕೆಲಸ ಆರಂಭವಾಗಿದ್ದು 1889ರಲ್ಲಿ, ಯೆಲ್ಲಂದು ಬಳಿ.

ಹೊಸ ಭೂಗತ ಗಣಿಯ ಪ್ರಸ್ತಾವ ಬಂದಾಗಲೆಲ್ಲ ಒಂದು ಮಾತು ಕೇಳುತ್ತೇನೆ: 'ತೆರೆದ ಗಣಿಯಾದರೆ ಊರೇ ಹೋಗುತ್ತದೆ, ಇದು ನೆಲದಡಿಯದು, ಮೇಲೆ ಏನೂ ಆಗುವುದಿಲ್ಲ.' ಇದರ ಮೊದಲರ್ಧ ನಿಜ. ತೆರೆದ ಗಣಿ ಹೊಲ, ಕಾಡು, ಮನೆ ಎಲ್ಲವನ್ನೂ ಅಗೆದು ಮಣ್ಣಿನ ಗುಡ್ಡ ಮಾಡುತ್ತದೆ. ಭೂಗತ ಗಣಿಗೆ ಅಷ್ಟು ಜಾಗ ಬೇಡ. ಆದರೆ ಎರಡನೆಯ ಅರ್ಧವನ್ನು ಹಾಗೇ ಒಪ್ಪಬಾರದು. ಇಲ್ಲಿ ಹಾನಿ ತಡವಾಗಿ ಬರುತ್ತದೆ, ಸದ್ದಿಲ್ಲದೆ ಬರುತ್ತದೆ.

ಕೆಲಸ ನಡೆಯುವ ರೀತಿ ನೋಡಿದರೆ ಇದು ಅರ್ಥವಾಗುತ್ತದೆ. ಹಳೆಯ ಪದ್ಧತಿಯಲ್ಲಿ ಕಲ್ಲಿದ್ದಲನ್ನು ಕಂಬಗಳಂತೆ ಅಲ್ಲಲ್ಲಿ ಬಿಟ್ಟು ಉಳಿದದ್ದನ್ನು ತೆಗೆಯುತ್ತಾರೆ. ಕೊನೆಗೆ ಆ ಕಂಬಗಳನ್ನೂ ತೆಗೆಯುವುದುಂಟು. ಲಾಂಗ್‌ವಾಲ್ ಪದ್ಧತಿಯಲ್ಲಿ ಯಂತ್ರವೊಂದು ಉದ್ದನೆಯ ಗೋಡೆಯನ್ನೇ ಕೊರೆಯುತ್ತ ಹೋಗುತ್ತದೆ. ಹೈಡ್ರಾಲಿಕ್ ಆಧಾರಗಳು ಚಾವಣಿ ಹಿಡಿದಿರುತ್ತವೆ. ಅವು ಮುಂದೆ ಸರಿದಂತೆ ಹಿಂದಿನ ಚಾವಣಿ ಕುಸಿಯುತ್ತದೆ. ಅದು ಅವಘಡವಲ್ಲ, ಯೋಜನೆಯ ಭಾಗವೇ. ಆ ಕುಸಿತ ಮೇಲಿನ ಪದರಗಳನ್ನು ದಾಟಿ ಹೊಲದವರೆಗೆ ಬಂದರೆ ನೆಲ ತಗ್ಗಾಗುತ್ತದೆ, ಬಿರುಕು ಬಿಡುತ್ತದೆ. ಬಾವಿಗೆ ನೀರು ಕೊಡುತ್ತಿದ್ದ ಪದರ ಒಡೆದರೆ ಆ ನೀರು ಗಣಿಗಿಳಿಯುತ್ತದೆ, ಅಲ್ಲಿಂದ ಪಂಪ್ ಆಗಿ ಹೊರಬರುತ್ತದೆ. ಖಾಲಿ ಜಾಗಕ್ಕೆ ಮರಳು ತುಂಬಿದರೆ ಕುಸಿತ ಬಹಳ ಕಡಿಮೆಯಾಗುತ್ತದೆ. ಆದರೆ ಆ ಮರಳನ್ನು ನದಿಯಿಂದ ತಂದರೆ ಒಂದು ಕಡೆಯ ನೆಲ ಉಳಿಸಲು ಇನ್ನೊಂದು ಕಡೆಯ ಹೊಳೆ ಬರಿದು ಮಾಡಿದಂತೆ.

ಇದೆಲ್ಲ ಎಲ್ಲಿ ಬರೆದಿರುತ್ತದೆ? ಪರಿಸರ ಪರಿಣಾಮ ವರದಿಯಲ್ಲಿ. 2006ರ ಕೇಂದ್ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು; ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಸಭೆಗೆ ಕೋರಂ ಇಲ್ಲ. ಅಂದರೆ ಊರಿನವರು ನಾಲ್ಕೇ ಜನ ಬಂದರೂ ಸಭೆ ನಡೆದಂತೆಯೇ ಲೆಕ್ಕ. ಹಾಗಾಗಿ ಓದದೆ ಹೋಗುವುದೂ ಒಂದೇ, ಹೋಗದೆ ಇರುವುದೂ ಒಂದೇ.

ಇಂಥ ವರದಿ ಕೈಗೆ ಬಂದರೆ ನಾನು ಮೊದಲು ನೋಡುವುದು ನಾಲ್ಕು ವಿಷಯ. ಒಂದು, ಬಾವಿಗಳ ನೀರಿನ ಮಟ್ಟ: ಗಣಿಯ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಅಳೆದಿದ್ದಾರೆಯೇ, ಮಳೆಗಾಲಕ್ಕೆ ಮುಂಚೆಯೂ ಆಮೇಲೂ ಅಳೆದಿದ್ದಾರೆಯೇ? ಇಂದಿನ ಅಳತೆ ಕಾಗದದ ಮೇಲಿಲ್ಲದಿದ್ದರೆ ನಾಳೆ ಬಾವಿ ಒಣಗಿದಾಗ ರೈತನ ಮಾತಿಗೆ ಸಾಕ್ಷಿಯೇ ಇರುವುದಿಲ್ಲ. ಎರಡು, ನೆಲ ಕುಸಿತದ ನಕ್ಷೆ: ಯಾವ ಸರ್ವೆ ನಂಬರು, ಎಷ್ಟು ತಗ್ಗು, ಬಿರುಕು ಮುಚ್ಚುವವರು ಯಾರು, ಬೆಳೆ ಹೋದರೆ ಪರಿಹಾರ ಏನು? ಮೂರು, ಒಳಗೆ ಇಳಿಯುವವರ ಸುರಕ್ಷತೆ. ಗಾಳಿಯಲ್ಲಿ ಮೀಥೇನ್ ಸುಮಾರು ಶೇ. 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು. ಅದಕ್ಕೇ ನಿಯಮಗಳು ಪಾಳಿಯಲ್ಲಿರುವ ಪ್ರತಿಯೊಬ್ಬರಿಗೆ ನಿಮಿಷಕ್ಕೆ ಕನಿಷ್ಠ 6 ಘನ ಮೀಟರ್ ಗಾಳಿ ಬೇಕು ಎನ್ನುತ್ತವೆ. ಹತ್ತಿರದ ಹಳೆಯ ಗಣಿಗಳ ನಕ್ಷೆಯೂ ಬೇಕು. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾದಲ್ಲಿ ನೀರು ನುಗ್ಗಿ 370ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ನಾಲ್ಕು, ಗಣಿ ಮುಚ್ಚುವ ಯೋಜನೆ: ಅದಕ್ಕಾಗಿ ಕಂಪನಿ ಎಸ್ಕ್ರೋ ಖಾತೆಯಲ್ಲಿ ವರ್ಷ ವರ್ಷ ಹಣ ಇಡಬೇಕು. ಕೊನೆಯ ಪುಟಗಳಲ್ಲಿರುವ ಈ ಅಧ್ಯಾಯವನ್ನು ಓದುವವರು ಕಡಿಮೆ. ಆದರೆ ಕಲ್ಲಿದ್ದಲು ಮುಗಿದ ಮೇಲೂ ಊರಿನವರು ಅಲ್ಲೇ ಬದುಕಬೇಕಲ್ಲ.

ನಾನು ಗಣಿಯೇ ಬೇಡ ಎನ್ನುತ್ತಿಲ್ಲ. ಈ ಸಾಲುಗಳನ್ನು ಫ್ಯಾನಿನ ಕೆಳಗೆ ಕುಳಿತು ಬರೆಯುತ್ತಿದ್ದೇನೆ, ಆ ಕರೆಂಟು ಎಲ್ಲಿಂದ ಬರುತ್ತದೆಂದು ನನಗೆ ಗೊತ್ತು. ಸಿಂಗರೇಣಿ ನೌಕರಿಯಿಂದಲೇ ಮಕ್ಕಳನ್ನು ಓದಿಸಿದ ಮನೆಗಳೂ ಆ ಸೀಮೆಯಲ್ಲಿ ಬೇಕಾದಷ್ಟಿವೆ. ಆದರೆ ಕರೆಂಟು ನಮಗೆ, ಬಿರುಕು ಅವರಿಗೆ ಎಂಬ ಲೆಕ್ಕದಲ್ಲಿ ಕನಿಷ್ಠ ಬಿರುಕಿನ ಅಂದಾಜಾದರೂ ಅವರಿಗೆ ಮೊದಲೇ ತಿಳಿದಿರಬೇಕು.

ನಗರದಲ್ಲಿರುವ ನಾವು ಮಾಡಬಹುದಾದ್ದು ಸಣ್ಣದು, ಆದರೆ ಉಪಯೋಗದ್ದು. ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ, ಕಚೇರಿಯ ಸಹೋದ್ಯೋಗಿ ಆ ಜಿಲ್ಲೆಗಳವರಿರಬಹುದು. ಅವರ ಊರಿಗೆ ಇಂಥ ನೋಟಿಸ್ ಬಂದಿದೆ ಎಂದರೆ ಒಂದು ಭಾನುವಾರ ಜೊತೆಗೆ ಕುಳಿತು ಆ ಸಾರಾಂಶ ಓದಿ. ಪ್ರಶ್ನೆಗಳನ್ನು ಬರೆದುಕೊಡಿ. ಸಭೆಗೆ ಹೋಗಲಾಗದವರು ಲಿಖಿತವಾಗಿಯೂ ಅಭಿಪ್ರಾಯ ಕಳಿಸಬಹುದು ಎಂದು ಹೇಳಿ. ಬಾವಿಯ ಮಟ್ಟವನ್ನು ಹಗ್ಗ ಇಳಿಬಿಟ್ಟು ಅಳೆದು, ತಾರೀಖು ಹಾಕಿ ಬರೆದಿಡಲು ಇವತ್ತೇ ಹೇಳಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.